ಕಪ್ತಾನ ಹೊರಟ ಗುರುವಾರ

ಬಸ್ ಏಜೆಂಟ್ ಸಂಕಪ್ಪ ವಾರಪತ್ರಿಕೆಯ ಕಟ್ಟು ಬಿಚ್ಚಿ ಮೇಲಿನ ಪ್ರತಿಯನ್ನು ಕೈಗಿಟ್ಟಾಗ ಅದಿನ್ನೂ ಮಂಗಳೂರಿನ ಮಸಿಯ ವಾಸನೆ ಹೊಡೆಯುತ್ತಿತ್ತು. ತ್ರಿಶಲಾ ಅದನ್ನು ಎದೆಗವಚಿಕೊಂಡು ಬೆಳ್ತಂಗಡಿಯ ಪೇಟೆ ದಾಟುವವರೆಗೂ ಬಿಡಿಸಲಿಲ್ಲ. ಪೇಟೆಯಲ್ಲಿ ನಡೆಯುತ್ತಾ ಓದುವ ಹುಡುಗಿಯನ್ನು ಜನ ನೋಡುತ್ತಾರೆ. ನೋಡಿದವರು ಅಪ್ಪನಿಗೆ ಹೇಳುತ್ತಾರೆ, ಅಪ್ಪ ಅಮ್ಮನಿಗೆ, ಅಮ್ಮ ಇಡೀ ಜಗತ್ತಿಗೆ. ಲಾಯಿಲದ ರಸ್ತೆಗೆ ಬಂದ ಮೇಲೆ ಮಾತ್ರ ಅವಳ ಬೆರಳು ತಾನಾಗಿ ಇಪ್ಪತ್ತೆರಡನೆಯ ಪುಟಕ್ಕೆ ಹೋಯಿತು. ಎರಡು ವರ್ಷದಿಂದ ಪ್ರತಿ ಗುರುವಾರ ಧಾರಾವಾಹಿಯ ಕಪ್ತಾನ ಪ್ರಭಂಜನ ಅಲ್ಲಿಯೇ ಇರುತ್ತಿದ್ದ, ತನ್ನ ಮಯೂರ ನೌಕೆಯಲ್ಲಿ, ಯಾವುದೋ ಗ್ರಹಕ್ಕೆ ಇಳಿಯುತ್ತಲೋ ಯಾವುದೋ ಗ್ರಹದಿಂದ ತಪ್ಪಿಸಿಕೊಳ್ಳುತ್ತಲೋ. ಇವತ್ತು ಪುಟದ ನೆತ್ತಿಯಲ್ಲಿ ದಪ್ಪ ಅಕ್ಷರದಲ್ಲಿ 'ವಿದಾಯ' ಎಂದಿತ್ತು. ಅವಳು ನಿಂತಳು. ಹಿಂದಿನಿಂದ ಬಂದ ಎತ್ತಿನ ಗಾಡಿಯವನು 'ಓಯ್' ಎಂದ. ಬದಿಗೆ ಸರಿದಳು, ಸರಿಯುತ್ತಲೇ ಓದಿದಳು, ಓದುತ್ತಲೇ ನಡೆದಳು, ನಡೆಯುತ್ತಲೇ ಅಳು ಬಂತು, ಅಳುವಿನ ಜೊತೆಗೆ ನಗೆಯಂಥ ಒಂದು ನಡುಕವೂ ಬಂತು. ಎಷ್ಟು ಚೆನ್ನಾಗಿ ಬರೆದಿದ್ದಾರೆ, ಎಷ್ಟು ಚೆನ್ನಾಗಿ ಹೊರಟ! ಇದನ್ನು ಮಧ್ಯಾಹ್ನ ಹೊಲಿಗೆ ತರಗತಿಯಲ್ಲಿ ಓದಿ ಹೇಳುವವಳು ನಾನು, ಟೀಚರೂ ಸೇರಿ ಎಂಟು ಹೆಂಗಸರು ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನ ಬಾಯಿ ನೋಡುತ್ತಾರೆ ಎಂದು ಅವಳಿಗೆ ಹಿಗ್ಗಾಯಿತು. ಆ ಹಿಗ್ಗಿನಲ್ಲೇ ಪುಟ ಮಗುಚಿದಳು. ಅಲ್ಲಿ ಓದುಗರ ಪತ್ರಗಳಿದ್ದವು. ಮೊದಲನೆಯ ಪತ್ರದ ಮೊದಲನೆಯ ಸಾಲು ಅವಳಿಗೆ ಗೊತ್ತಿತ್ತು. ಎರಡನೆಯದೂ ಗೊತ್ತಿತ್ತು.

ತಾನು ಬರೆದದ್ದು ಅಚ್ಚಿನಲ್ಲಿ ಬೇರೆಯವರು ಬರೆದ ಹಾಗೆ ಕಾಣುತ್ತದೆ. ಇಷ್ಟು ನೇರವಾದ ಸಾಲುಗಳು, ಇಷ್ಟು ಕಪ್ಪು. ಅವಳ ಕೈಬರಹದಲ್ಲಿ ಎಡಕ್ಕೆ ವಾಲಿದ್ದ ಸಿಟ್ಟು ಇಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಿತ್ತು. 'ಮಾನ್ಯ ಸಂಪಾದಕರೆ, ಕಪ್ತಾನ ಪ್ರಭಂಜನರು ಎರಡು ವರ್ಷದಿಂದ ಹೋಗುವ ಹಾಗೆ ಮಾಡಿ ಹೋಗುವುದಿಲ್ಲ, ಸಾಯುವ ಹಾಗೆ ಮಾಡಿ ಸಾಯುವುದಿಲ್ಲ. ಜಗಲಿಯಲ್ಲಿ ಎದ್ದು ನಿಂತ ನೆಂಟ ಮಾತು ಮುಗಿಸದಿದ್ದರೆ ಮನೆಯವರ ಕಾಲು ನೋಯುತ್ತದೆ. ಜನ ಇನ್ನೂ ಇರಿ ಅನ್ನುವಾಗಲೇ ಹೊರಡುವುದು ದೊಡ್ಡವರ ಲಕ್ಷಣ.' ಕೆಳಗೆ, 'ಹೊಲಿಗೆ ಅಧ್ಯಾಪಕಿ, ಲಾಯಿಲ.' ಅದರ ಕೆಳಗೆ ಓರೆ ಅಕ್ಷರದಲ್ಲಿ, 'ಈ ಪತ್ರ ನಮ್ಮ ಕಣ್ಣು ತೆರೆಸಿತು. ಕಪ್ತಾನರ ವಿದಾಯದ ಕಂತನ್ನು ಇದೇ ಸಂಚಿಕೆಯಲ್ಲಿ ಓದಿರಿ. - ಸಂ.' ತ್ರಿಶಲಾ ಮೂರು ಸಲ ಓದಿದಳು. ಮೂರನೆಯ ಸಲ ಓದುವಾಗ ತುಟಿ ಅಲ್ಲಾಡುತ್ತಿದ್ದವು. ಹೋಗು ಎಂದವಳು ನಾನು. ಅವನು ಹೋದ. ಮಂಗಳೂರಿನಲ್ಲಿ ಯಾರೋ ದೊಡ್ಡ ಕನ್ನಡಕದ ಮನುಷ್ಯ ನನ್ನ ಕಾಗದ ಬಿಡಿಸಿ, ಹೌದಲ್ಲ ಅಂದುಕೊಂಡು, ಕಪ್ತಾನನನ್ನು ಹೊರಡಿಸಿದ. ಲಾಯಿಲದಲ್ಲಿ ಹೊಲಿಗೆ ಅಧ್ಯಾಪಕಿ ಎಂದರೆ ಇರುವುದು ಒಬ್ಬರೇ ಎನ್ನುವುದು ಅವಳಿಗೆ ಆಮೇಲೆ, ಮಾವಿನ ಮರದ ತಿರುವು ದಾಟಿದ ಮೇಲೆ ಹೊಳೆಯಿತು.

ಬರೆಯುವಾಗ ಅದು ಹೊಳೆದಿರಲಿಲ್ಲವೇ? ಹೊಳೆದಿತ್ತು. ಹುಡುಗಿಯೊಬ್ಬಳ ಪತ್ರವನ್ನು ಯಾರು ಹಾಕುತ್ತಾರೆ, ಟೀಚರ್ ಅಂದರೆ ಹಾಕಬಹುದು ಎಂದು ಲೆಕ್ಕ ಹಾಕಿಯೇ ಬರೆದಿದ್ದಳು. ಹಾಕುವುದಿಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ನಂಬಿದ್ದಳು. ಪತ್ರ ಬರೆದ ದಿನ ಬ್ಲಾಕ್ ಆಫೀಸಿನಿಂದ ಮೇಲ್ವಿಚಾರಣೆಯ ಮುಖ್ಯ ಸೇವಿಕೆಯವರು ತರಗತಿ ನೋಡಲು ಬಂದಿದ್ದರು, ಕೈಯಲ್ಲಿ ಛತ್ರಿ, ಕಂಕುಳಲ್ಲಿ ಫೈಲು. ಹೊಲಿದ ತುಂಡುಗಳನ್ನು ಅಂಟಿಸಿದ ಎಲ್ಲರ ನಮೂನೆ ಪುಸ್ತಕ ಮಗುಚಿ ನೋಡಿ, ತ್ರಿಶಲಾಳ ಪುಸ್ತಕವೇ ಎಲ್ಲಕ್ಕಿಂತ ಚಂದ ಎಂದರು. ಚಂದ ಇರದೆ ಏನು? ಅವಳು ಪತ್ರಿಕೆ ಓದಿ ಹೇಳುತ್ತಾಳೆ, ಓದುವವಳ ಬಟ್ಟೆಯನ್ನು ಉಳಿದವರು ಸರದಿಯಲ್ಲಿ ಹೊಲಿದುಕೊಡುತ್ತಾರೆ. ಮೊದಲ ಗುರುವಾರದಿಂದಲೇ ಅದು ತರಗತಿಯ ಪದ್ಧತಿಯಾಗಿತ್ತು. ಕಾಜಾ ಲೋಲಾಕ್ಷಿಯದು, ನೆರಿಗೆ ಅಮ್ಮಣಿಯಕ್ಕನದು, ಕಾಲರು ಸ್ವತಃ ಮನೋರಮಾ ಟೀಚರದು. 'ನೀನೇ ಒಂದು ತೋಳು ಕೂರಿಸು, ನೋಡುವ' ಎಂದರು ಮುಖ್ಯ ಸೇವಿಕೆ. ತ್ರಿಶಲಾ ಕೂರಿಸಿದಳು. ತೋಳು ಒಳಮೈ ಹೊರಗಾಗಿ, ಹಿಂದು ಮುಂದಾಗಿ, ಬೆನ್ನಿನ ಕಡೆಗೆ ಬಾಯಿ ತೆರೆದು ಕುಳಿತಿತು. 'ಇದು ಯಾವ ಗ್ರಹದವರಿಗೆ?' ಎಂದು ಲೋಲಾಕ್ಷಿ ಕೇಳಿದ್ದೇ ಇಡೀ ಕೋಣೆ ನಕ್ಕಿತು, ಮುಖ್ಯ ಸೇವಿಕೆ ನಕ್ಕರು, ಮನೋರಮಾ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ಸೆರಗು! ಉಳಿದವರು ನಕ್ಕದ್ದು ಅವಳಿಗೆ ಮರೆತು ಹೋಯಿತು, ಸೆರಗು ಮರೆಯಲಿಲ್ಲ. ಮನೆಗೆ ಬಂದು, ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆ ಎಲ್ಲರ ಊಟ ಮುಗಿದಿರಬೇಕು ಎಂದು ಅಮ್ಮ ಅವಸರ ಮಾಡುತ್ತಿರುವಾಗ, ಬಾಳೆಲೆಯ ಮುಂದೆ ಕುಳಿತೇ ಮನಸ್ಸಿನಲ್ಲಿ ಮೊದಲ ಸಾಲು ಬರೆದಿದ್ದಳು. ಯಾರ ಮೇಲಿನ ಸಿಟ್ಟು ಅದು? ಕಪ್ತಾನನ ಮೇಲೆ ಅಲ್ಲ, ಪಾಪ.

ಎರಡು ಗಂಟೆಗೆ ತರಗತಿ. ಸೊಸೈಟಿಯ ಗೋದಾಮಿಗೆ ತಾಗಿದ ಒಂದೇ ಕೋಣೆ, ಬ್ಲಾಕಿನವರು ಕೊಟ್ಟ ಮೂರು ಮಿಷನು, ಒಂದು ಬೆಂಚು, ಕೆಳಗೆ ಚಾಪೆ. ಎಂಟು ಜನ ಇದ್ದರೆ ತರಗತಿ, ಒಬ್ಬರು ಕಮ್ಮಿಯಾದರೂ ಮಿಷನು ವಾಪಸು ಎಂದು ಬ್ಲಾಕಿನ ಕಾಗದವೊಂದು ಗೋಡೆಯಲ್ಲಿ ಮೊಳೆಗೆ ತೂಗುತ್ತಿತ್ತು. ತ್ರಿಶಲಾ ಒಳಗೆ ಕಾಲಿಡುವಾಗಲೇ ಲೋಲಾಕ್ಷಿ ಕಿಟಕಿಯ ಬದಿಯ ಮಿಷನಿನಿಂದ, 'ಬಂದರು ನೋಡಿ, ಆಕಾಶವಾಣಿ. ತ್ರಿಶಲಕ್ಕೆ, ಕಪ್ತಾನರು ಕ್ಷೇಮವಾ?' ಎಂದಳು. ಲೋಲಾಕ್ಷಿ ಅವಳಿಗಿಂತ ಆರು ವರ್ಷ ದೊಡ್ಡವಳು, ಗದ್ದೆ ಕೆಲಸ ಮುಗಿಸಿ ಗಂಡನ ಮನೆಯಿಂದ ಎರಡು ಮೈಲು ನಡೆದು ಬರುವವಳು. ಈ 'ಅಕ್ಕೆ' ಎಂಬ ಅಕ್ಕ, ಈ ಬಹುವಚನ, ಎಲ್ಲ ಚುಚ್ಚುವ ಸೂಜಿಯ ಕೆಲಸ. ತ್ರಿಶಲಾ 'ಕ್ಷೇಮ' ಎಂದಳು. ಅಮ್ಮಣಿಯಕ್ಕ ಚಾಪೆಯ ಮೇಲೆ ಕಾಲು ಚಾಚಿ, ದಾರವನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳುತ್ತಾ, 'ಹೋದ ವಾರ ಅವ ಆ ಹಿಮದ ಗುಂಡಿಯಲ್ಲಿ ಇದ್ದ ಅಲ್ವಾ ಮಗಾ? ನನಗೆ ಮೂರು ದಿವಸ ನಿದ್ರೆ ಇಲ್ಲ. ಅಲ್ಲಿ ಹೊತ್ತು ಮುಳುಗುದೇ ಇಲ್ಲ ಅಂತಿ, ಉಣ್ಣುದು ಯಾವಾಗ ಅವ?' ಎಂದಳು. ಆ ಪ್ರಶ್ನೆ ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು. ಮೊದಲ ಸಲ ಕೇಳಿದಾಗ ತ್ರಿಶಲಾ ಥಟ್ಟನೆ, ಮೂಡಬಿದಿರೆಯ ಹೊತ್ತು ನೋಡಿ ಉಣ್ಣುತ್ತಾನೆ ಅಂದುಬಿಟ್ಟಿದ್ದಳು. ಪತ್ರಿಕೆಯಲ್ಲಿ ಹಾಗೇನೂ ಇರಲಿಲ್ಲ. ಆದರೆ ಅವತ್ತಿನಿಂದ ಕಪ್ತಾನ ಪ್ರಭಂಜನ ಈ ಕೋಣೆಯ ಮಟ್ಟಿಗೆ ಮೂಡಬಿದಿರೆ ಕಡೆಯ ಜೈನರ ಹುಡುಗನಾಗಿಬಿಟ್ಟಿದ್ದ. ಮೂಡಬಿದಿರೆಯವರಾದ ಮನೋರಮಾ ಟೀಚರ್ ಆ ದಿನ ಏನೂ ಹೇಳದೆ, ಕತ್ತರಿ ಕೆಳಗಿಟ್ಟು, ತನ್ನ ಊರಿನವನ ಸುದ್ದಿ ಕೇಳುವವರ ಹಾಗೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು.

ಅವಳು ಓದಿದಳು. ಓದತೊಡಗಿದ ಮೇಲೆ ಹೆದರಿಕೆ ಎಲ್ಲಿಗೋ ಹೋಯಿತು. ಹಾಗೆಯೇ ಆಗುತ್ತಿತ್ತು ಯಾವಾಗಲೂ, ಮೊದಲ ನಾಲ್ಕು ಸಾಲು ಗಂಟಲಿನದು, ಆಮೇಲೆ ಎಲ್ಲ ಕಪ್ತಾನನದು. ದಾರಿ ತಪ್ಪಿದ ನೌಕೆಗಳು ಬಂದು ಬಂಡೆಗೆ ಬಡಿದು ಪುಡಿಯಾಗುವ ಒಂದು ಕತ್ತಲೆಯ ಉಪಗ್ರಹ. ಅಲ್ಲಿ ಒಂದು ದೀಪ. ದೀಪ ಕಾಯುತ್ತಿದ್ದ ಮುದುಕ ತೀರಿಕೊಂಡಿದ್ದಾನೆ. ಯಾರಾದರೂ ಉಳಿಯಬೇಕು, ಉಳಿದವರಿಗೆ ಮರಳಿ ಬರುವ ನೌಕೆ ಇಲ್ಲ. ಕಪ್ತಾನ ತನ್ನ ಟೋಪಿ ತೆಗೆದು ನೌಕೆಗೆ ದಾರಿ ತೋರಿಸುವ ಹುಡುಗಿ ತಾರಿಣಿಯ ತಲೆಯ ಮೇಲಿಡುತ್ತಾನೆ. ಟೋಪಿ ದೊಡ್ಡದಾಗಿ ಅವಳ ಕಿವಿಯವರೆಗೆ ಇಳಿಯುತ್ತದೆ. 'ಇನ್ನು ಮಯೂರ ನಿನ್ನದು' ಎನ್ನುತ್ತಾನೆ. ಯಾವ ಭಾಷಣವೂ ಇಲ್ಲ. ನೌಕೆ ಏಳುತ್ತದೆ, ಕೆಳಗೆ ಅವನು ದೀಪ ಎತ್ತಿ ಹಿಡಿಯುತ್ತಾನೆ. ದೀಪ ಸಾಸಿವೆಯಷ್ಟಾಗುತ್ತದೆ. 'ದೀಪ ಆರಿತೋ ತಾವೇ ದೂರ ಬಂದೆವೋ ತಾರಿಣಿಗೆ ತಿಳಿಯಲಿಲ್ಲ.' ಮುಂದಿನ ವಾರದಿಂದ ಕಪ್ತಾನೆ ತಾರಿಣಿಯ ಸಾಹಸಗಳು. ತ್ರಿಶಲಾ ತಲೆ ಎತ್ತಿದಳು. ಮೂರೂ ಮಿಷನು ನಿಂತಿದ್ದವು. ಯಾರ ಮುಖದ ಮೇಲೆ ಏನಿದೆ ಎಂದು ನೋಡುವ ಅವಳ ಆತುರ ಎಷ್ಟಿತ್ತೆಂದರೆ ಒಂದು ಕ್ಷಣ ಯಾರ ಮುಖವೂ ಕಾಣಲಿಲ್ಲ.

ಮೊದಲು ಮಾತಾಡಿದ್ದು ಅಮ್ಮಣಿಯಕ್ಕ. ಅವಳ ಕಣ್ಣು ಹೊಳೆಯುತ್ತಿದ್ದವು. 'ಮಾಯ ಆದ' ಎಂದಳು, ಎರಡೂ ಕೈ ಜೋಡಿಸಿ. 'ನಾನು ಆವಾಗಲೇ ಹೇಳಿರಲಿಲ್ವಾ, ಇವ ಸಾಯುವ ಜನ ಅಲ್ಲ ಅಂತ? ಕಾರಣಿಕ ಇದ್ದವರು ಸಾಯುದಿಲ್ಲ, ಮಾಯ ಆಗಿ ದೈವ ಆಗುದು. ಇನ್ನು ಅವ ಆ ಜಾಗ ಕಾಯ್ತಾನೆ. ದಾರಿ ತಪ್ಪಿದವರು ಕರೆದ್ರೆ ಬರ್ತಾನೆ.' ಹಿಂದಿನ ಸಾಲಿನಲ್ಲಿ ಕುಳಿತ ಇಬ್ಬರು ಹುಡುಗಿಯರು, ಹೆಂಗಸು ನೌಕೆ ಓಡಿಸಲಿಕ್ಕೆ ಆಗುತ್ತದಾ ಎಂದು ಪಿಸುಗುಟ್ಟಿ, ಕಳೆದ ಮಳೆಗಾಲ ರಷ್ಯಾದವಳೊಬ್ಬಳು ನಿಜವಾಗಿಯೇ ಮೇಲೆ ಹೋಗಿ ಬಂದದ್ದು ನೆನಪಾಗಿ, ಟೋಪಿಯ ಅಡಿಯಲ್ಲಿ ಜಡೆ ಎಲ್ಲಿ ಸಿಕ್ಕಿಸುವುದು ಎಂಬ ಚರ್ಚೆಗೆ ಬಿದ್ದು ಕಿಸಕ್ಕನೆ ನಕ್ಕರು. ಮನೋರಮಾ ಟೀಚರ್ ಕಿಟಕಿಯಾಚೆ ನೋಡುತ್ತಾ, 'ಅವನು ಎಲ್ಲ ಬಿಟ್ಟ. ಟೋಪಿ ಕೂಡ' ಎಂದರು. 'ನಮ್ಮ ಅಜ್ಜನ ಅಣ್ಣ ದೀಕ್ಷೆ ತೆಗೆದುಕೊಂಡ ದಿವಸ ಹೀಗೇ. ಅಂಗಿ ಮಡಚಿ ಕೊಟ್ಟು, ತಿರುಗಿ ನೋಡದೆ ಹೋದದ್ದಂತೆ. ಅಳ್ಲಿಕ್ಕೆ ಇಲ್ಲ ಇದಕ್ಕೆ.' ಹಾಗೆ ಹೇಳಿ ಅವರು ಅತ್ತರು. ಲೋಲಾಕ್ಷಿ ಮಾತ್ರ ಹೊಲಿಯುತ್ತಿದ್ದ ಬಟ್ಟೆಯನ್ನು ನಿಧಾನವಾಗಿ ಮಡಚುತ್ತಿದ್ದಳು. 'ದೀಕ್ಷೆಯೂ ಇಲ್ಲ, ಮಾಯವೂ ಇಲ್ಲ' ಎಂದಳು. 'ಬಿಟ್ಟು ಹೋದ, ಅಷ್ಟೇ. ಗಂಡಸರು ಟೋಪಿ ಹೆಂಗಸಿನ ತಲೆಗೆ ಇಟ್ಟು ಹೋಗುದು ನಾವು ನೋಡದ್ದಾ? ನಾನು ಇವತ್ತು ಮನೆಗೆ ಹೋಗಿ ಅತ್ತೆ ಹತ್ರ ಎಂತ ಹೇಳುದು? ಗುರುವಾರ ನನ್ನನ್ನು ಇಲ್ಲಿಗೆ ಬಿಡುದೇ ಆ ಕಪ್ತಾನನ ಸುದ್ದಿ ತರ್ತೇನೆ ಅಂತ. ಅತ್ತೆಗೆ ತಾರಿಣಿ ಬೇಡ. ಮನೆಯಲ್ಲಿ ಸೊಸೆ ಒಬ್ಬಳು ಇದ್ದಾಳೆ, ಇನ್ನೊಬ್ಬಳ ಕಥೆ ಯಾಕೆ ಅಂತಾರೆ.' ಎಲ್ಲರೂ ನಕ್ಕರು. ಲೋಲಾಕ್ಷಿ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ತ್ರಿಶಲಾ ಇದೇ ಮೊದಲು ನೋಡಿದ್ದು. ಅವಳ ಒಳಗೆ ಇಷ್ಟು ಹೊತ್ತು ಕುಣಿಯುತ್ತಿದ್ದದ್ದು ಕಾಲೆಡವಿ ಬಿತ್ತು.

ಪತ್ರಿಕೆಯನ್ನು ಮಡಚಿ ಕೆಳಗಿಟ್ಟುಕೊಂಡು ಅದರ ಮೇಲೆ ಕುಳಿತುಬಿಡಬೇಕೆಂದು ಅವಳಿಗೆ ಅನಿಸಿತು. ಆದರೆ ಈ ಕೋಣೆಯಲ್ಲಿ ಪತ್ರಿಕೆ ಓದುವುದೆಂದರೆ ಮುಖಪುಟದಿಂದ ಹಿಡಿದು ಕೊನೆಯ ಕೇಶತೈಲದ ಜಾಹೀರಾತಿನವರೆಗೆ. 'ಓದುಗರ ಪತ್ರ ಬಿಟ್ಟೆಯಲ್ಲ ಮಗಾ' ಎಂದು ಮನೋರಮಾ ಟೀಚರ್ ಕೈ ಚಾಚಿದರು. 'ಗಂಟಲು ನೋಯ್ತಾ ಉಂಟು ಟೀಚರ್.' 'ಕೊಡು, ನಾನು ಓದ್ತೇನೆ.' ಕೊಟ್ಟಳು. ಆ ಎರಡು ಅಡಿ ದೂರ ಪತ್ರಿಕೆ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಟೀಚರ್ ರಾಗವಿಲ್ಲದ ದನಿಯಲ್ಲಿ, ಹಾಜರಿ ಕರೆಯುವವರ ಹಾಗೆ ಓದಿದರು. ಎದ್ದು ನಿಂತ ನೆಂಟನ ಮಾತಿಗೆ ಅಮ್ಮಣಿಯಕ್ಕ 'ಅದು ಸತ್ಯ' ಎಂದಳು. ತ್ರಿಶಲಾಳ ಕಿವಿ ಬಿಸಿಯಾಯಿತು, ನಾಚಿಕೆಯಿಂದಲೋ ಸುಖದಿಂದಲೋ. ಕೊನೆಯಲ್ಲಿ ಟೀಚರ್ 'ಹೊಲಿಗೆ ಅಧ್ಯಾಪಕಿ' ಎಂದು ಓದಿ, ನಿಂತು, 'ಲಾಯಿಲ' ಎಂದು ಮುಗಿಸಿದರು. ಸಂಪಾದಕರ ಟಿಪ್ಪಣಿಯನ್ನೂ ಓದಿದರು, ಅದನ್ನು ಮಾತ್ರ ಸ್ವಲ್ಪ ನಿಧಾನವಾಗಿ.

ಈಗ ಅಲ್ಲ ಎನ್ನುತ್ತಾರೆ ಎಂದು ತ್ರಿಶಲಾ ಕಾದಳು. ಉಳಿದ ಏಳು ಜನರ ಹದಿನಾಲ್ಕು ಕಣ್ಣುಗಳು ಟೀಚರ ಮೇಲಿದ್ದವು. ಮನೋರಮಾ ಟೀಚರ್ ಸೆರಗು ಸರಿಮಾಡಿಕೊಂಡರು, ಕನ್ನಡಕ ತೆಗೆದರು, ಮತ್ತೆ ಹಾಕಿದರು. ಅವರ ಕಪ್ಪು ಕೆನ್ನೆಯ ಒಳಗಿನಿಂದ ಒಂದು ಬೆಳಕು ಮೇಲೆ ಬಂತು. ಇಪ್ಪತ್ತು ವರ್ಷ ಬೇರೆಯವರ ಹಿಂದೆ ನಿಂತು ಅಳತೆ ತೆಗೆದ ಹೆಂಗಸನ್ನು ಯಾರೋ ತಿರುಗಿಸಿ ಕನ್ನಡಿಯ ಎದುರು ನಿಲ್ಲಿಸಿದ ಹಾಗೆ. 'ಹೌದು' ಎಂದರು. 'ನಾನೇ ಬರೆದದ್ದು.'

ಪಾರಾದೆ! ತ್ರಿಶಲಾಳಿಗೆ ಮೊದಲು ಬಂದದ್ದು ಅದು, ಕಾಲಿನಿಂದ ತಲೆಯವರೆಗೆ ತಣ್ಣಗೆ. ಅದರ ಬೆನ್ನಿಗೇ ಇನ್ನೊಂದು ಬಂತು, ತಣ್ಣಗಿರಲಿಲ್ಲ. ನನ್ನ ನೆಂಟ, ನನ್ನ ಜಗಲಿ, ಬಾಳೆಲೆಯ ಮುಂದೆ ಕುಳಿತು ನಾನು ಹುಡುಕಿದ ಮಾತು! ಬೆಳಗ್ಗಿನಿಂದ ಯಾರಿಗೂ ತಿಳಿಯದಿರಲಿ ಎಂದು ಬೇಡಿಕೊಂಡವಳಿಗೆ ಈಗ ಎಲ್ಲರಿಗೂ ತಿಳಿಯಲಿ ಎಂದು ಮೈ ಉರಿಯಿತು. ಅಷ್ಟರಲ್ಲಿ ಲೋಲಾಕ್ಷಿ ಎದ್ದು ನಿಂತಿದ್ದಳು. 'ನೀವಾ ಟೀಚರ್?' ಅವಳ ದನಿ ಸಣ್ಣದಾಗಿತ್ತು. 'ಎರಡು ಮೈಲು ನಡೆದು ಬರ್ತೇವೆ ನಾವು. ನೀವು ಇಲ್ಲೇ ಸ್ಟೂಲಿನಲ್ಲಿ ಕೂತು ನಮ್ಮ ಜೊತೆಗೇ ಕೇಳಿ, ಹಿಂದಿನಿಂದ ಹೋಗು ಅಂತ ಬರೆದದ್ದಾ? ನಾವು ಬೇಡ ಅಂತ ಆದ್ರೆ ಹಾಗೇ ಹೇಳ್ಬಹುದಿತ್ತು.' ಮಡಚಿದ ಬಟ್ಟೆಯನ್ನು ಚೀಲಕ್ಕೆ ಹಾಕಿದಳು. 'ನಾನಿನ್ನು ಬರುದಿಲ್ಲ.' ಟೀಚರ ಮುಖದ ಬೆಳಕು ಇನ್ನೂ ಆರಿರಲಿಲ್ಲ, ಆದರೆ ಅದರ ಸುತ್ತಲಿನ ಮುಖ ಹೆದರಿತ್ತು. ಅವರ ಕಣ್ಣು ಗೋಡೆಯ ಕಾಗದದ ಕಡೆ ಹೋಗಿ ಬಂತು. ಎಂಟರಲ್ಲಿ ಒಂದು ಹೋದರೆ.

'ಅದು ನಾನು ಬರೆದದ್ದು!' ಎಂದು ತ್ರಿಶಲಾ ಕೂಗಿದಳು. ಎಷ್ಟು ಜೋರಾಗಿ ಎಂದರೆ ಗೋದಾಮಿನ ಕಡೆಯಿಂದ ಯಾರೋ 'ಎಂತಾಯ್ತು?' ಎಂದರು. ಟೀಚರನ್ನು ಉಳಿಸಲು ಕೂಗಿದೆನೋ, ನನ್ನದನ್ನು ಕಿತ್ತುಕೊಳ್ಳಲು ಕೂಗಿದೆನೋ, ಅವಳಿಗೆ ಅವತ್ತೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಲೋಲಾಕ್ಷಿ ಬಾಗಿಲಲ್ಲಿ ತಿರುಗಿ, 'ಟೀಚರಿಗೆ ಅಡ್ಡ ನಿಲ್ಲುದು ಬೇಡ ತ್ರಿಶಲಕ್ಕೆ. ಬೇರೆಯವರು ಬರೆದದ್ದು ಓದುವವರು ನೀವು, ಬರೆಯುವವರಲ್ಲ' ಎಂದಳು. ಇದು ಅವತ್ತಿನ ತೋಳಿನ ತಮಾಷೆಗಿಂತ ಆಳಕ್ಕೆ ಹೋಯಿತು. ತ್ರಿಶಲಾ ಎದ್ದು ನಿಂತು, ಕೈ ಹಿಂದೆ ಕಟ್ಟಿ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಮಾನ್ಯ ಸಂಪಾದಕರೆ ಎಂಬಲ್ಲಿಂದ ಪತ್ರವನ್ನು ಒಪ್ಪಿಸಿದಳು. ಟೀಚರ್ ಪತ್ರಿಕೆಯಲ್ಲಿ ಬೆರಳಿಟ್ಟು ಸಾಲಿನಿಂದ ಸಾಲಿಗೆ ಹಿಂಬಾಲಿಸಿದರು. ದೊಡ್ಡವರ ಲಕ್ಷಣದವರೆಗೂ ಒಂದಕ್ಷರ ತಪ್ಪಲಿಲ್ಲ. ಆದರೆ ತ್ರಿಶಲಾ ಅಲ್ಲಿ ನಿಲ್ಲಲಿಲ್ಲ. 'ಇನ್ನೊಂದು ಸಾಲಿತ್ತು. ಅವರು ಹಾಕಲಿಲ್ಲ' ಎಂದಳು. 'ಹೇಳು' ಎಂದಳು ಅಮ್ಮಣಿಯಕ್ಕ. ಹೇಳಲು ಬಾಯಿ ತೆರೆದ ಮೇಲೆ ಅವಳಿಗೆ ಆ ಸಾಲು ಏನೆಂದು ನೆನಪಾಯಿತು. ಆದರೆ ಬಾಯಿ ಆಗಲೇ ತೆರೆದಿತ್ತು. 'ಅವರು ಹೋದರೆ, ಎರಡು ವರ್ಷದಿಂದ ಅವರನ್ನು ಓದಿ ಹೇಳುತ್ತಾ ಸೂಜಿಗೆ ದಾರ ಹಾಕಲೂ ಕಲಿಯದ ಒಬ್ಬಳು ಹುಡುಗಿಯನ್ನು ನೋಡಿ ನಗುವವರು ಸ್ವಲ್ಪ ಕಡಿಮೆಯಾದಾರು.'

ಮನೋರಮಾ ಟೀಚರ್ ಪತ್ರಿಕೆಯನ್ನು ಮಡಿಲಿಗಿಳಿಸಿದರು. 'ಬರೆದದ್ದು ಅಷ್ಟು ಚಂದ ಉಂಟಲ್ಲ' ಎಂದರು, ಯಾರನ್ನೂ ನೋಡದೆ. 'ಕೆಳಗೆ ನನ್ನ ಹೆಸರಿನ ಹಾಗೆ ಕಂಡಿತು. ಒಮ್ಮೆ ನನ್ನದು ಅಂದುಬಿಟ್ಟೆ. ಒಮ್ಮೆ.' ಅವರು ಹೇಳಿದ ರೀತಿಗೆ ತ್ರಿಶಲಾಳಿಗೆ, ಇರಲಿ ಟೀಚರ್, ಇಟ್ಟುಕೊಳ್ಳಿ, ನೆಂಟನ ಸಾಲು ನೀವಿಟ್ಟುಕೊಳ್ಳಿ ಎಂದು ಹೇಳಬೇಕೆನಿಸಿತು. ಬಾಗಿಲಲ್ಲಿ ಲೋಲಾಕ್ಷಿ ಚೀಲವನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಬದಲಾಯಿಸಿದಳು. 'ಎಂಚಿ ಸಾವು ಮಾರಾಯ್ತಿ!' ಎಂದಳು ತುಳುವಿನಲ್ಲಿ, ಆಮೇಲೆ ಕನ್ನಡದಲ್ಲಿ, 'ಇದೆಂಥ ಸಾವು! ನಾನು ನಕ್ಕದ್ದಕ್ಕೆ ಆ ಪಾಪದವನನ್ನು ದೀಪ ಹಿಡಿದು ನಿಲ್ಲಿಸಿದೆಯಾ ನೀನು?' ನೀನು ಎಂದಳು. ಎರಡು ವರ್ಷದಲ್ಲಿ ಮೊದಲ ಸಲ. ಅವಳ ಬಾಯಿಯ ಒಂದು ತುದಿ ನಡುಗಿತು, ಇನ್ನೊಂದು ತುದಿ ತಡೆಯಲು ನೋಡಿತು, ಆಗಲಿಲ್ಲ. ಅಮ್ಮಣಿಯಕ್ಕ ಮೊದಲು ನಕ್ಕಳು, ಹಿಂದಿನ ಹುಡುಗಿಯರು ನಕ್ಕರು, ಟೀಚರ್ ಕಣ್ಣೊರೆಸುತ್ತಲೇ ನಕ್ಕರು, ಸೆರಗಿಲ್ಲದೆ, ಬಾಯಿ ತೆರೆದು. ತ್ರಿಶಲಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

'ಆದ್ರೆ ನನ್ನ ಅತ್ತೆ?' ಎಂದಳು ಲೋಲಾಕ್ಷಿ, ನಗು ಮುಗಿದ ಮೇಲೆ. ಚೀಲ ಕೆಳಗಿಟ್ಟು ಟೀಚರ ಕೈಯಿಂದ ಪತ್ರಿಕೆ ತೆಗೆದುಕೊಂಡಳು. 'ಅತ್ತೆಗೆ ಹೇಳ್ಬೇಕಾದವಳು ನಾನು. ಸಿಟ್ಟಿನಲ್ಲಿ ಕೇಳಿದ್ದು ಅರ್ಧ ತಲೆಗೆ ಹೋಗಲಿಲ್ಲ. ನೀನು ಓದಿದ್ದು ಸಾಕು. ನಾನೇ ಓದ್ತೇನೆ.' 'ನಿನಗೆ ಓದ್ಲಿಕ್ಕೆ ಬರ್ತದಾ?' ಎಂದಳು ಅಮ್ಮಣಿಯಕ್ಕ. 'ಮೂರನೇ ಕ್ಲಾಸು ಆಗಿದೆ ನನಗೆ. ತ್ರಿಶಲಾ, ಎಲ್ಲಿಗೆ ಹೋಗ್ತಿ? ಆ ಮಿಷನು ಖಾಲಿ ಉಂಟು. ಕೂತುಕೋ. ಓದುವವಳ ಬಟ್ಟೆ ಹೊಲಿಯುದು ಯಾರು?'

ತ್ರಿಶಲಾ ಕುಳಿತಳು. ಲೋಲಾಕ್ಷಿ ತನ್ನ ರವಿಕೆಯನ್ನು ಚೀಲದಿಂದ ಮತ್ತೆ ತೆಗೆದು ಅಂಚನ್ನು ಸೂಜಿಯ ಅಡಿಗೆ ಕೊಟ್ಟಳು, ಟೀಚರ್ ಬಂದು ತ್ರಿಶಲಾಳ ಎರಡೂ ಕೈಯನ್ನು ಬಟ್ಟೆಯ ಮೇಲೆ ಇಟ್ಟು, 'ಎಳೆಯಬೇಡ, ಅದು ತಾನೇ ಹೋಗ್ತದೆ, ನೀನು ದಾರಿ ತೋರಿಸು ಸಾಕು' ಎಂದು ಹೋದರು. ಲೋಲಾಕ್ಷಿ ಬೆಂಚಿನಲ್ಲಿ ಕುಳಿತು, ಬೆರಳಿಟ್ಟು, 'ಕ-ಪ್ತಾ-ನ ಪ್ರ... ಪ್ರ-ಭಂ...' ಎಂದು ಶುರು ಮಾಡಿದಳು. ಪಾದದ ಅಡಿಯಲ್ಲಿ ಹಲಗೆ ಹಿಂದು ಮುಂದಾಯಿತು, ದಾರ ಒಂದೆರಡು ಸಲ ಕಿತ್ತುಬಂತು, ಆಮೇಲೆ ಒಂದು ಗೇಣು ಹೊಲಿಗೆ ಸೊಟ್ಟಗೆ ಬಿತ್ತು. ಕೈ ಕೆಲಸದಲ್ಲಿರುವಾಗ ಕಥೆ ಕಿವಿಗೆ ಬರುವ ದಾರಿಯೇ ಬೇರೆ. ಎರಡು ವರ್ಷ ಕಪ್ತಾನ ಅವಳ ಕಣ್ಣಿನಿಂದ ಒಳಗೆ ಹೋಗಿ ಬಾಯಿಯಿಂದ ಹೊರಗೆ ಹೋಗಿದ್ದ, ನಿಂತಿರಲಿಲ್ಲ. ಈಗ ಒಂದೊಂದೇ ಅಕ್ಷರವಾಗಿ ಕೋಣೆಯೊಳಗೆ ಬಂದು ನಿಲ್ಲುತ್ತಿದ್ದ. ಅವನು ಟೋಪಿ ತೆಗೆಯಲು ಎಷ್ಟು ಹೊತ್ತು ತೆಗೆದುಕೊಂಡ! ಟೋಪಿಗೂ ತಾರಿಣಿಯ ತಲೆಗೂ ನಡುವೆ ಲೋಲಾಕ್ಷಿ ಎರಡು ಸಲ ಉಸಿರು ತೆಗೆದಳು. ಏನಾಗುತ್ತದೆ ಎಂದು ತ್ರಿಶಲಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿ ಅತ್ತಲೇ ಇತ್ತು. ನೌಕೆ ಎದ್ದಿತು, ಲೋಲಾಕ್ಷಿಯ ಬೆರಳು ಕೊನೆಯ ಪ್ಯಾರಾಕ್ಕೆ ಇಳಿಯಿತು. 'ಹೋಗ್ಬೇಡ ಮಾರಾಯ' ಎಂದು ಯಾರೋ ಅಂದರು. ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ ಅದು ತಾನೇ ಎಂದು ಅವಳಿಗೆ ಗೊತ್ತಾಯಿತು. 'ಶ್!' ಎಂದಳು ಅಮ್ಮಣಿಯಕ್ಕ. ಲೋಲಾಕ್ಷಿ ಮುಂದಿನ ಪದದ ಒತ್ತಕ್ಷರದಲ್ಲಿ ಸಿಕ್ಕಿಕೊಂಡಳು, ಬಿಡಿಸಿಕೊಂಡಳು, ಅದರ ಮುಂದಿನದರಲ್ಲಿ ಮತ್ತೆ ಸಿಕ್ಕಿಕೊಂಡಳು, ಕಪ್ತಾನ ಅಷ್ಟು ಹೊತ್ತು ಅಲ್ಲೇ ಉಳಿದ. ತ್ರಿಶಲಾ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಬಟ್ಟೆಯ ಮೇಲೆ ಬಾಗಿ, ಇನ್ನೊಂದು ಒತ್ತಕ್ಷರ ಬರಲಿ, ಇನ್ನೊಂದೇ ಒಂದು ದೊಡ್ಡ ಒತ್ತಕ್ಷರ ಬರಲಿ ಎಂದು ಕಾದಳು.